ರೇಡಿಯೇಷನ್ ಮುಗಿದ ಮೇಲೂ ಪಿಎಸ್‌ಎ ಯಾಕೆ ಸೊನ್ನೆಗೆ ಬರುವುದಿಲ್ಲ?

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಟ್ಟ ರೇಡಿಯೇಷನ್ ಮುಗಿದು ಹದಿನೈದು ತಿಂಗಳಾಗಿತ್ತು. ಒಂದು ರಾತ್ರಿ ಒಂಬತ್ತೂವರೆಗೆ ಲ್ಯಾಬ್ ರಿಪೋರ್ಟ್ ಮೊಬೈಲ್‌ಗೆ ಬಂತು. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್, ಅದನ್ನು ಅಳೆದು ಕ್ಯಾನ್ಸರ್ ಮೇಲೆ ನಿಗಾ ಇಡುತ್ತಾರೆ. ಹಿಂದಿನ ಸಲ 0.6 ಇದ್ದದ್ದು ಈಗ 1.1. ಅಪ್ಪ ಕನ್ನಡಕ ಹಾಕಿಕೊಂಡು ಆ ಅಂಕಿಯನ್ನು ದೊಡ್ಡದು ಮಾಡಿ ನೋಡಿದರು, ಮತ್ತೆ ಚಿಕ್ಕದು ಮಾಡಿದರು, ಮತ್ತೆ ದೊಡ್ಡದು ಮಾಡಿದರು. "ಹೆಚ್ಚುಕಡಿಮೆ ಡಬಲ್ ಆಗಿದೆಯಲ್ಲ" ಅಂದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಮಾರನೇ ದಿನ ಡಾಕ್ಟರ್ ಹಳೇ ರಿಪೋರ್ಟ್‌ಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡು ನೋಡಿ, "ಈಗ ಏನೂ ಮಾಡೋದು ಬೇಡ, ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿಸಿ" ಅಂದರು. ಮೂರು ತಿಂಗಳಿಗೆ 0.8 ಬಂತು. ಅದಾಗಿ ಮತ್ತೆ ಆರು ತಿಂಗಳಿಗೆ 0.5.

ಹೀಗಾಗುತ್ತದೆ ಅಂತ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಆ ರಾತ್ರಿ ಅಷ್ಟು ಉದ್ದ ಇರುತ್ತಿರಲಿಲ್ಲ. ಆಮೇಲೆ ನಾನು ಕೂತು ಓದಿದ್ದು, ಡಾಕ್ಟರ್‌ಗಳನ್ನು ಕೇಳಿ ಕೇಳಿ ತಿಳಿದುಕೊಂಡಿದ್ದು ಎಲ್ಲ ಇಲ್ಲಿದೆ. ನಿಮ್ಮ ಡಾಕ್ಟರ್ ಹೇಳುವುದಕ್ಕೆ ಇದು ಬದಲಿ ಅಲ್ಲ. ಆದರೆ ಅವರು ಹೇಳಿದ್ದು ಅರ್ಥವಾಗುವುದಕ್ಕೆ, ಕೇಳಬೇಕಾದ್ದನ್ನು ಕೇಳುವುದಕ್ಕೆ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ಆಪರೇಷನ್ ಮಾಡಿಸಿಕೊಂಡವರ ಪಿಎಸ್‌ಎಗೂ ರೇಡಿಯೇಷನ್ ತೆಗೆದುಕೊಂಡವರ ಪಿಎಸ್‌ಎಗೂ ಹೋಲಿಕೆ ಮಾಡಲೇಬಾರದು. ಆಪರೇಷನ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನೇ ತೆಗೆದುಬಿಡುತ್ತಾರೆ. ಪಿಎಸ್‌ಎ ಅನ್ನುವ ಪ್ರೋಟೀನ್ ತಯಾರಾಗುವುದೇ ಆ ಗ್ರಂಥಿಯಲ್ಲಿ. ಹಾಗಾಗಿ ಒಂದೆರಡು ತಿಂಗಳಲ್ಲಿ ಅದು ರಕ್ತದಲ್ಲಿ ಅಳತೆಗೇ ಸಿಗದಷ್ಟು ಕಡಿಮೆ ಆಗಬೇಕು. ರೇಡಿಯೇಷನ್‌ನಲ್ಲಿ ಗ್ರಂಥಿ ಇದ್ದಲ್ಲೇ ಇರುತ್ತದೆ. ಅದರಲ್ಲಿ ಉಳಿದುಕೊಂಡ ಒಳ್ಳೆಯ ಕೋಶಗಳು ಸ್ವಲ್ಪ ಪಿಎಸ್‌ಎಯನ್ನು ಬಿಡುತ್ತಲೇ ಇರುತ್ತವೆ. ಪಕ್ಕದ ಬೆಡ್‌ನಲ್ಲಿ ಪರಿಚಯವಾದವರು "ನಂದು 0.01 ಬಂತು, ನಿಮ್ಮದು ಯಾಕೆ ಇನ್ನೂ 0.7?" ಅಂತ ಫೋನ್‌ನಲ್ಲಿ ಕೇಳಿದರೆ ಗಾಬರಿ ಆಗಬೇಕಾಗಿಲ್ಲ. ಅವರದು ಬೇರೆ ಲೆಕ್ಕ, ನಿಮ್ಮದು ಬೇರೆ ಲೆಕ್ಕ.

ಎರಡನೆಯದು, ಕಿರಣಗಳು ಕ್ಯಾನ್ಸರನ್ನು ಸುಟ್ಟು ಬೂದಿ ಮಾಡುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಅವು ಕೋಶದ ಒಳಗಿನ ಡಿಎನ್‌ಎ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಪೆಟ್ಟು ತಿಂದ ಕೋಶ ಅವತ್ತೇ ಸಾಯಬೇಕು ಅಂತೇನಿಲ್ಲ. ಮೇಲ್ನೋಟಕ್ಕೆ ಬದುಕಿರುತ್ತದೆ, ಪಿಎಸ್‌ಎಯನ್ನೂ ಬಿಡುತ್ತಿರುತ್ತದೆ. ಅದು ಒಂದರಿಂದ ಎರಡಾಗಲು ಹೊರಟಾಗ ಹರಿದ ಎಳೆಗಳನ್ನು ನಕಲು ಮಾಡಲಾಗದೆ ಆಗ ಸಾಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಎರಡಾಗುವುದೇ ಬಹಳ ನಿಧಾನ, ಹಾಗಾಗಿ ಸಾಯುವುದೂ ನಿಧಾನ. ಕೊನೇ ಸಿಟ್ಟಿಂಗ್ ಮುಗಿಸಿ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಒಳಗೆ ಆ ಕೆಲಸ ನಡೆಯುತ್ತಲೇ ಇರುತ್ತದೆ. ಪಿಎಸ್‌ಎ ತನ್ನ ಅತಿ ಕಡಿಮೆ ಮಟ್ಟಕ್ಕೆ ಬರಲು ಒಂದೂವರೆ ವರ್ಷ, ಎರಡು ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿಯೂ ಹಿಡಿಯುತ್ತದೆ. ಆ ಅತಿ ಕಡಿಮೆ ಅಂಕಿಗೆ ಡಾಕ್ಟರ್‌ಗಳು 'ನೇಡಿರ್' ಅನ್ನುತ್ತಾರೆ. ನಾವು ತಳಮಟ್ಟ ಅನ್ನೋಣ. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೇ ನಿಂತಿದೆ. ಬರೆದಿಟ್ಟುಕೊಳ್ಳಿ.

ಇಳಿಯುವಾಗ ಅದು ಜಾರುಬಂಡಿಯ ಹಾಗೆ ಒಂದೇ ಸಮ ಇಳಿಯುವುದಿಲ್ಲ. ನಡುವೆ ಒಮ್ಮೆ ಮೇಲೆ ಹೋಗಿ, ತಾನೇ ಕೆಳಗೆ ಬರಬಹುದು. ಇದಕ್ಕೆ 'ಪಿಎಸ್‌ಎ ಬೌನ್ಸ್' ಅನ್ನುತ್ತಾರೆ. ಸಾಮಾನ್ಯವಾಗಿ ಚಿಕಿತ್ಸೆಯಾದ ಒಂದರಿಂದ ಮೂರು ವರ್ಷದ ಒಳಗೆ ಕಾಣಿಸಿಕೊಳ್ಳುತ್ತದೆ. ಗ್ರಂಥಿಯ ಒಳಗೇ ವಿಕಿರಣದ ಬೀಜಗಳನ್ನು ಇಡುತ್ತಾರಲ್ಲ, ಆ ಬ್ರಾಕಿಥೆರಪಿ ಮಾಡಿಸಿಕೊಂಡವರಲ್ಲಿ, ಮತ್ತು ವಯಸ್ಸು ಕಡಿಮೆ ಇರುವವರಲ್ಲಿ ಇದು ಜಾಸ್ತಿ. ಅಪ್ಪನಿಗೆ ಆಗಿದ್ದು ಇದೇ. ಕ್ಯಾನ್ಸರ್ ವಾಪಸ್ ಬಂದಿರಲಿಲ್ಲ.

ಹಾಗಾದರೆ ಏರಿಕೆ ಯಾವಾಗ ನಿಜವಾದ ಏರಿಕೆ? 1996ರಲ್ಲಿ ಅಮೆರಿಕದ ರೇಡಿಯೇಷನ್ ತಜ್ಞರ ಸಂಘ ಒಂದು ನಿಯಮ ಮಾಡಿತ್ತು: ಸತತವಾಗಿ ಮೂರು ಸಲ ಏರಿದರೆ ರೋಗ ಮರುಕಳಿಸಿದೆ ಅಂತ ಲೆಕ್ಕ. ಇದರಲ್ಲಿ ಬರೀ ಬೌನ್ಸ್ ಆದ ಕೆಲವರೂ ಸಿಕ್ಕಿಬೀಳುತ್ತಿದ್ದರು. 2005ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ತಜ್ಞರು ಮತ್ತೆ ಸೇರಿ ಬೇರೆ ಅಳತೆಗೋಲು ಒಪ್ಪಿಕೊಂಡರು. ಅದಕ್ಕೇ ಇದನ್ನು ಫೀನಿಕ್ಸ್ ನಿಯಮ ಅನ್ನುವುದು. ಬಹಳ ಸರಳ: ತಳಮಟ್ಟಕ್ಕೆ 2 ಕೂಡಿಸಿ. ತಳಮಟ್ಟ 0.4 ಇದ್ದವರಿಗೆ ಗೆರೆ 2.4ರಲ್ಲಿ, 1.0 ಇದ್ದವರಿಗೆ 3.0ರಲ್ಲಿ. ಪಿಎಸ್‌ಎ ಆ ಗೆರೆ ಮುಟ್ಟಿತು ಅಂದರೆ ರೋಗ ಮರಳಿರಬಹುದು ಅಂತ ಹಿಡಿದು ಮುಂದಿನ ಪರೀಕ್ಷೆ ಶುರು ಮಾಡುತ್ತಾರೆ. ಬೌನ್ಸ್ ಕೂಡ ಅಪರೂಪಕ್ಕೆ ಈ ಗೆರೆ ದಾಟುವುದುಂಟು. ಇನ್ನೊಬ್ಬರಲ್ಲಿ ಗೆರೆ ಇನ್ನೂ ದೂರ ಇದ್ದರೂ ಏರುವ ವೇಗ ನೋಡಿ ಡಾಕ್ಟರ್ ಮೊದಲೇ ಎಚ್ಚರಾಗಬಹುದು. ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತಿದೆ ಅನ್ನುವುದು ಒಂದು ಅಂಕಿಗಿಂತ ಜಾಸ್ತಿ ಹೇಳುತ್ತದೆ. ಆದ್ದರಿಂದಲೇ ಅವತ್ತು ಡಾಕ್ಟರ್ ಕೈಯಲ್ಲಿದ್ದ ಒಂದು ರಿಪೋರ್ಟ್ ಬಿಟ್ಟು ಹಳೆಯದನ್ನೆಲ್ಲ ಹರವಿಕೊಂಡಿದ್ದು.

ಹಾರ್ಮೋನ್ ಇಂಜೆಕ್ಷನ್ ಕೂಡ ತೆಗೆದುಕೊಂಡಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮಧ್ಯಮ ಅಪಾಯದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ 4ರಿಂದ 6 ತಿಂಗಳು, ಹೆಚ್ಚು ಅಪಾಯದ್ದಕ್ಕೆ ಒಂದೂವರೆಯಿಂದ 3 ವರ್ಷ ಇದನ್ನು ಕೊಡುತ್ತಾರೆ. ಈ ಇಂಜೆಕ್ಷನ್ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನನ್ನು ತಗ್ಗಿಸುತ್ತದೆ. ಅದು ಇಲ್ಲದೆ ಪ್ರಾಸ್ಟೇಟ್ ಕೋಶಗಳು ಮಂಕಾಗುತ್ತವೆ, ಪಿಎಸ್‌ಎ ಸೊನ್ನೆಯ ಹತ್ತಿರ ಬಂದು ಕೂರುತ್ತದೆ. ನೋಡಿದವರಿಗೆ ಖುಷಿ. ಆದರೆ ಅದರಲ್ಲಿ ರೇಡಿಯೇಷನ್ ಪಾಲು ಎಷ್ಟು, ಇಂಜೆಕ್ಷನ್ ಪಾಲು ಎಷ್ಟು ಅಂತ ಆಗ ಗೊತ್ತಾಗುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಟೆಸ್ಟೋಸ್ಟೆರಾನ್ ನಿಧಾನವಾಗಿ ವಾಪಸ್ ಬರುತ್ತದೆ. ವಯಸ್ಸಾದವರಿಗೆ ಒಂದು ವರ್ಷಕ್ಕಿಂತ ಜಾಸ್ತಿಯೂ ಬೇಕಾಗಬಹುದು, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಅದು ಬಂದ ಹಾಗೆ ಒಳ್ಳೆಯ ಕೋಶಗಳೂ ಎಚ್ಚರವಾಗಿ ಪಿಎಸ್‌ಎ ಸ್ವಲ್ಪ ಏರುತ್ತದೆ. ಆ ಸಮಯದಲ್ಲಿ ಪಿಎಸ್‌ಎ ಜೊತೆಗೆ ಟೆಸ್ಟೋಸ್ಟೆರಾನನ್ನೂ ನೋಡಬೇಕಾ ಅಂತ ಡಾಕ್ಟರನ್ನು ಕೇಳಿ. ಎರಡೂ ಅಕ್ಕಪಕ್ಕ ಇದ್ದರೆ ಚಿತ್ರ ತಿಳಿಯಾಗುತ್ತದೆ.

ಟೆಸ್ಟ್ ಎಷ್ಟು ಸಲ? ಮೊದಲನೆಯದು ಚಿಕಿತ್ಸೆ ಮುಗಿದು ಆರು ವಾರಕ್ಕಿಂತ ಮೊದಲು ಬೇಡ. ಆಮೇಲೆ ಮೊದಲ ಕೆಲವು ವರ್ಷ ಸುಮಾರು ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಯಾಕೆಂದರೆ ಯಂತ್ರ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ, ಆ ಸ್ವಲ್ಪವೇ ನಿದ್ದೆ ಕೆಡಿಸುತ್ತದೆ. ಮೂತ್ರದ ಸೋಂಕು ಇದ್ದರೆ ಪಿಎಸ್‌ಎ ಸುಮ್ನೆ ಏರುತ್ತದೆ. ಮೊದಲು ಸೋಂಕು ವಾಸಿಯಾಗಲಿ. ವೀರ್ಯ ಹೊರಬಂದ ಮೇಲೆ ಎರಡು ದಿನ ಬಿಟ್ಟು ರಕ್ತ ಕೊಡಿ. ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಅವು ಪಿಎಸ್‌ಎಯನ್ನು ಕೆಳಗೆ ಎಳೆಯುತ್ತವೆ. ಅಂದಹಾಗೆ, ಪಿಎಸ್‌ಎ ಅಂದರೆ ರೋಗ ಹುಡುಕುವ ಟೆಸ್ಟ್ ಅಂತಲೇ ಎಲ್ಲರ ತಲೆಯಲ್ಲಿದೆ ಅಲ್ವಾ? ಅಮೆರಿಕದಲ್ಲಿ 1986ರಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಆಗಲೇ ಕ್ಯಾನ್ಸರ್ ಇರುವುದು ಗೊತ್ತಾದವರ ಮೇಲೆ ನಿಗಾ ಇಡುವುದಕ್ಕೆ. ರೋಗ ಪತ್ತೆಗೆ ಬಳಸಲು ಅನುಮತಿ ಬಂದಿದ್ದು 1994ರಲ್ಲಿ.

ಈಗ ದೇಹದ ವಿಷಯಕ್ಕೆ ಬರೋಣ. ಮೊದಲ ಕೆಲವು ವಾರ ಪದೇ ಪದೇ ಮೂತ್ರಕ್ಕೆ ಏಳುವುದು, ಉರಿ, ಧಾರೆ ಸಣ್ಣಗಾಗುವುದು, ಸಂಡಾಸಿಗೆ ಅವಸರ, ಕೂತಲ್ಲೇ ಸುಸ್ತು ಇವೆಲ್ಲ ಮಾಮೂಲಿ. ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ. ಸುಸ್ತಿಗೆ ಪೂರ್ತಿ ಮಲಗಿಬಿಡುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ನಡೆಯುವುದೇ ಒಳ್ಳೆಯದು.

ಯಾರೂ ಸರಿಯಾಗಿ ಹೇಳದೆ ಬಿಡುವುದು ತಡವಾಗಿ ಬರುವ ತೊಂದರೆಗಳನ್ನು. ಎಲ್ಲ ಸರಿಹೋಯಿತು ಅಂತ ನೆಮ್ಮದಿಯಾಗಿದ್ದಾಗ, ಆರು ತಿಂಗಳಿಗೋ ಎರಡು ವರ್ಷಕ್ಕೋ, ಮಲದ ಜೊತೆ ಕೆಂಪು ರಕ್ತ ಕಾಣಿಸಿಕೊಳ್ಳಬಹುದು. ಅಪ್ಪ ಮೂರು ವಾರ ಇದನ್ನು ಯಾರಿಗೂ ಹೇಳಿರಲಿಲ್ಲ. ಒಗೆಯಲು ಹಾಕಿದ ಪೈಜಾಮದಲ್ಲಿ ಕಲೆ ನೋಡಿ ಅಮ್ಮ ಕೇಳಿದ ಮೇಲೇ ಬಾಯಿ ಬಿಟ್ಟರು. ಕ್ಯಾನ್ಸರ್ ಅಲ್ಲಿಗೂ ಹರಡಿದೆ ಅಂತ ಒಳಗೊಳಗೇ ತೀರ್ಮಾನ ಮಾಡಿಕೊಂಡು, ನಮಗೆಲ್ಲ ತಿಳಿದರೆ ನೊಂದುಕೊಳ್ಳುತ್ತಾರೆ ಅಂತ ಸುಮ್ಮನಿದ್ದರಂತೆ. ಮೂರು ವಾರ, ಒಬ್ಬರೇ.

ನಿಜಕ್ಕೂ ಆಗಿದ್ದು ಇಷ್ಟು. ಪ್ರಾಸ್ಟೇಟ್‌ನ ಬೆನ್ನಿಗೆ ಅಂಟಿಕೊಂಡ ಹಾಗೆ ಗುದನಾಳ ಇದೆ. ಎಷ್ಟೇ ಗುರಿಯಿಟ್ಟು ಕಿರಣ ಬಿಟ್ಟರೂ ಗುದನಾಳದ ಮುಂಭಾಗದ ಗೋಡೆಗೆ ಸ್ವಲ್ಪ ತಾಗಿಯೇ ತಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ವರ್ಷದ ಮೇಲೆ ಕಿರಿದಾಗುತ್ತಾ ಬರುತ್ತವೆ, ಅವುಗಳ ಬದಲಿಗೆ ಹೊಸ ನಾಳಗಳು ಜೇಡರ ಬಲೆಯ ಎಳೆಗಳಷ್ಟು ತೆಳ್ಳಗೆ ಮೇಲ್ಪದರದಲ್ಲಿ ಮೂಡುತ್ತವೆ, ಗಟ್ಟಿ ಮಲ ಉಜ್ಜಿದರೂ ಸಾಕು ಒಡೆದು ರಕ್ತ ಬರುತ್ತದೆ. ತುಂಬಾ ಸಲ ಮಲ ಮೆತ್ತಗಿರುವ ಹಾಗೆ ನೋಡಿಕೊಂಡರೆ ಅಷ್ಟೇ ಸಾಕಾಗುತ್ತದೆ. ಜಾಸ್ತಿ ಇದ್ದರೆ ಗುದದ್ವಾರದಿಂದ ಒಳಗೆ ಬಿಡುವ ಔಷಧಿ, ಸುಕ್ರಾಲ್ಫೇಟ್ ಎನಿಮಾ ಇದೆ, ಎಂಡೋಸ್ಕೋಪ್ ಮೂಲಕ ಆರ್ಗಾನ್ ಅನಿಲದಿಂದ ಆ ನಾಳಗಳನ್ನು ಮುಚ್ಚುವ ವಿಧಾನ ಇದೆ, ಯಾವುದಕ್ಕೂ ಬಗ್ಗದಿದ್ದರೆ ಒತ್ತಡದ ಕೋಣೆಯಲ್ಲಿ ಕೂರಿಸಿ ಆಕ್ಸಿಜನ್ ಕೊಡುವ ಚಿಕಿತ್ಸೆಯೂ ಇದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಬೇಗ ಬರುತ್ತದೆ, ಆದರೆ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹಾಗಂತ ರಕ್ತ ಕಂಡರೆ "ಓ, ಇದು ರೇಡಿಯೇಷನ್‌ದು" ಅಂತ ಮನೆಯಲ್ಲೇ ತೀರ್ಪು ಕೊಡುವುದೂ ತಪ್ಪು. ಆ ವಯಸ್ಸಿನಲ್ಲಿ ಮೂಲವ್ಯಾಧಿ ಇರಬಹುದು, ಕರುಳಿನ ಬೇರೆ ಗಡ್ಡೆಯೂ ಇರಬಹುದು. ತೋರಿಸಲೇಬೇಕು. ದೊಡ್ಡ ಕರುಳನ್ನು ಕೊಳವೆ ಹಾಕಿ ನೋಡುವ ಕೊಲೊನೋಸ್ಕೋಪಿಗೆ ಹೋದಾಗ, ಅದು ಹತ್ತು ವರ್ಷದ ನಂತರವಾದರೂ ಸರಿ, ಪ್ರಾಸ್ಟೇಟ್‌ಗೆ ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ. ಕಿರಣ ತಾಗಿದ ಗೋಡೆಗೆ ರಕ್ತದ ಪೂರೈಕೆ ಕಡಿಮೆ. ಅಲ್ಲಿಂದ ಬಯಾಪ್ಸಿಗೆ ಅಂತ ಒಂದು ಚೂರು ಕಿತ್ತರೆ ಆ ಗಾಯ ಮಾಯದೆ ಹುಣ್ಣಾಗಬಹುದು, ಕೆಲವೊಮ್ಮೆ ಗುದನಾಳಕ್ಕೂ ಮೂತ್ರದ ದಾರಿಗೂ ನಡುವೆ ತೂತೇ ಬೀಳಬಹುದು. ಅದನ್ನು ಸರಿಪಡಿಸುವುದು ಬಹಳ ಕಷ್ಟ. ನನ್ನ ಪ್ರಕಾರ ರೇಡಿಯೇಷನ್ ಆದವರ ಮನೆಯವರಿಗೆಲ್ಲ ಗೊತ್ತಿರಲೇಬೇಕಾದ ವಿಷಯ ಒಂದಿದ್ದರೆ ಅದು ಇದು. ಯಾಕೆಂದರೆ ಎಂಡೋಸ್ಕೋಪಿ ಮಾಡುವ ಡಾಕ್ಟರ್‌ಗೆ ನಿಮ್ಮ ಹಳೇ ಕಥೆ ಗೊತ್ತಿರುವುದಿಲ್ಲ.

ಮೂತ್ರದಲ್ಲಿ ರಕ್ತ ಬಂದರೂ ಇದೇ ಮಾತು. ಮೂತ್ರಕೋಶದ ಒಳಪದರಕ್ಕೆ ಕಿರಣ ತಾಗಿ ಹಾಗಾಗಬಹುದು, ಆದರೆ ಮೂತ್ರಕೋಶದ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಕಿರಣ ತಾಗಿದ ಜಾಗದಲ್ಲಿ, ಅಂದರೆ ಮೂತ್ರಕೋಶ ಅಥವಾ ಗುದನಾಳದಲ್ಲಿ, ಎಷ್ಟೋ ವರ್ಷಗಳ ಮೇಲೆ ಹೊಸ ಕ್ಯಾನ್ಸರ್ ಬರುವ ಸಾಧ್ಯತೆ ಚಿಕ್ಕದಾದರೂ ಇದೆ. ಧಾರೆ ದಿನೇ ದಿನೇ ಸಣ್ಣಗಾಗುತ್ತಿದ್ದರೆ ಮೂತ್ರನಾಳ ಕಿರಿದಾಗಿರಬಹುದು, ಯುರಾಲಜಿಸ್ಟ್ ಅದನ್ನು ಹಿಗ್ಗಿಸಬಹುದು. ಮೂತ್ರ ಸೋರುವವರಿಗೆ ತಳಭಾಗದ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮದಿಂದ ಅನುಕೂಲ ಆಗುತ್ತದೆ.

ಇನ್ನು ಗಂಡ ಹೆಂಡತಿಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ, ಬರೆಯಲೇಬೇಕು ಅನ್ನಿಸಿತು. ಆಪರೇಷನ್ ಆದವರಿಗೆ ನಿಮಿರುವಿಕೆಯ ತೊಂದರೆ ಮೊದಲ ದಿನದಿಂದಲೇ ಇರುತ್ತದೆ, ಆಮೇಲೆ ಕೆಲವರಿಗೆ ಸ್ವಲ್ಪ ಸುಧಾರಿಸುತ್ತದೆ. ರೇಡಿಯೇಷನ್‌ನಲ್ಲಿ ತಿರುಗುಮುರುಗು. ಶುರುವಿನಲ್ಲಿ ಎಲ್ಲ ಸರಿಯಿದ್ದು, ಎರಡು ಮೂರು ವರ್ಷದಲ್ಲಿ ನಿಧಾನಕ್ಕೆ ಕಡಿಮೆಯಾಗುತ್ತಾ ಬರುತ್ತದೆ. ಹಾಗಾಗಿ ಜನ ಅದನ್ನು ಚಿಕಿತ್ಸೆಗೆ ಜೋಡಿಸುವುದೇ ಇಲ್ಲ. ವಯಸ್ಸಾಯಿತು ಅಂದುಕೊಳ್ಳುತ್ತಾರೆ, ಅಥವಾ ಹೆಂಡತಿ ಇವರಿಗೆ ನನ್ನ ಮೇಲೆ ಮನಸ್ಸಿಲ್ಲ ಅಂದುಕೊಳ್ಳುತ್ತಾಳೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳು ಎಷ್ಟೋ ಜನರಿಗೆ ಕೆಲಸ ಮಾಡುತ್ತವೆ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಮಾತ್ರ ಇವನ್ನು ಮುಟ್ಟಲೇಬಾರದು, ಬಿಪಿ ಜೀವಕ್ಕೆ ಅಪಾಯ ಆಗುವಷ್ಟು ಕುಸಿಯುತ್ತದೆ. ಮಾತ್ರೆ ಆಗದವರಿಗೆ ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್ ಇವೆ. ವೀರ್ಯ ಕಡಿಮೆಯಾಗುವುದು, ಬತ್ತಿಹೋಗುವುದು ಕೂಡ ಇದರ ಭಾಗವೇ. ಡಾಕ್ಟರ್ ತಾವಾಗಿ ಕೇಳದೇ ಇರಬಹುದು. ಚೀಟಿಯಲ್ಲಿ ಬರೆದು ಮುಂದೆ ಇಟ್ಟರೂ ಆದೀತು.

ಹಾರ್ಮೋನ್ ಇಂಜೆಕ್ಷನ್‌ಗೆ ಅದರದೇ ಲೆಕ್ಕ ಇದೆ. ಮೈಯೆಲ್ಲ ಒಮ್ಮೆಲೇ ಬಿಸಿಯಾಗಿ ಬೆವರುವುದು, ತೂಕ ಏರುವುದು, ಮಾಂಸಖಂಡ ಕರಗುವುದು, ಮನಸ್ಸು ಕುಗ್ಗುವುದು, ಮೂಳೆ ಟೊಳ್ಳಾಗುವುದು. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ, ಕ್ಯಾಲ್ಸಿಯಂ ಬಗ್ಗೆ ಕೇಳಿ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೇಲೂ ಕಣ್ಣಿರಲಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಪ್ರಾಸ್ಟೇಟ್ ಒಳಗೇ ಇದ್ದ ಕ್ಯಾನ್ಸರ್‌ನ 1643 ಜನರನ್ನು ಸುಮಾರು 15 ವರ್ಷ ಹಿಂಬಾಲಿಸಿದರು. ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಇನ್ನು ಕೆಲವರಿಗೆ ಬರೀ ನಿಗಾ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಷ್ಟು ವರ್ಷದಲ್ಲಿ ತೀರಿಕೊಂಡವರು 356 ಜನ, ಅದರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತೀರಿಕೊಂಡವರು 45 ಜನ. ಉಳಿದವರನ್ನು ಕರೆದೊಯ್ದಿದ್ದು ಬೇರೆ ಕಾಯಿಲೆಗಳು. ಪಿಎಸ್‌ಎ ಒಂದನ್ನೇ ನೋಡುತ್ತಾ ಕೂತು ಹೃದಯವನ್ನು ಮರೆತರೆ ಹೇಗೆ?

ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಇನ್ನೊಂದು ಭಯ ಇರುತ್ತದೆ, ಮೈಯಿಂದ ವಿಕಿರಣ ಹೊರಬಂದು ಮಗುವಿಗೆ ತಾಗುತ್ತದಾ ಅಂತ. ಹೊರಗಿನಿಂದ ಯಂತ್ರದಲ್ಲಿ ಕೊಟ್ಟ ರೇಡಿಯೇಷನ್ ಆದರೆ ಇಲ್ಲವೇ ಇಲ್ಲ. ಯಂತ್ರ ಆಫ್ ಆಯಿತು ಅಂದರೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಿ, ತೊಡೆಯ ಮೇಲೆ ಕೂರಿಸಿಕೊಳ್ಳಿ. ಬೀಜಗಳನ್ನು ಒಳಗೇ ಬಿಡುವ ಬ್ರಾಕಿಥೆರಪಿ ಆಗಿದ್ದರೆ ಮಾತ್ರ ಮೊದಲ ಒಂದೆರಡು ತಿಂಗಳು ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ತುಂಬಾ ಹೊತ್ತು ಕೂರಿಸಿಕೊಳ್ಳಬಾರದು, ಗರ್ಭಿಣಿಯರಿಗೆ ತೀರಾ ಹತ್ತಿರ ತುಂಬಾ ಹೊತ್ತು ಇರಬಾರದು. ಹೆಚ್ಚಾಗಿ ಬಳಸುವ ಅಯೋಡಿನ್-125 ಬೀಜದ ಶಕ್ತಿ ಸುಮಾರು 60 ದಿನಕ್ಕೆ ಅರ್ಧ ಆಗುತ್ತದೆ, ಮುಂದಿನ 60 ದಿನಕ್ಕೆ ಅದರ ಅರ್ಧ, ಹೀಗೆ ಇಳಿಯುತ್ತಾ ಹೋಗುತ್ತದೆ.

ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯಬಾರದ ಸಂಗತಿಗಳೂ ಇವೆ. ಬೆನ್ನಲ್ಲೋ ಸೊಂಟದಲ್ಲೋ ಹೊಸದಾಗಿ ಶುರುವಾಗಿ ಬಿಡದೆ ಕಾಡುವ, ರಾತ್ರಿ ಜಾಸ್ತಿಯಾಗುವ ನೋವು ಇದ್ದರೆ ಬೇಗ ತೋರಿಸಿ. ಕಾಲಲ್ಲಿ ಬಲ ಇಲ್ಲದ ಹಾಗೆ, ಜೋಮು ಹಿಡಿದ ಹಾಗೆ ಆದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಬೆನ್ನುಹುರಿ ಒತ್ತುತ್ತಿರಬಹುದು. ಮೂತ್ರದಲ್ಲಿ ರಕ್ತ ಗಡ್ಡೆ ಗಡ್ಡೆಯಾಗಿ ಬಂದು ಮೂತ್ರ ಕಟ್ಟಿಕೊಂಡರೂ ಅಷ್ಟೇ.

ಒಂದು ವೇಳೆ ಪಿಎಸ್‌ಎ ನಿಜಕ್ಕೂ ಗೆರೆ ದಾಟಿದರೆ? ಆಗಲೂ ಎಲ್ಲ ಮುಗಿದ ಹಾಗಲ್ಲ. ಎಲ್ಲಿದೆ ಅಂತ ಮೊದಲು ಹುಡುಕುತ್ತಾರೆ. ಎಂಆರ್‌ಐ ಇದೆ, ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಇದೆ. ಈ ಸ್ಕ್ಯಾನ್ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲಿರುವ ಒಂದು ಪ್ರೋಟೀನನ್ನು ಹಿಡಿದು, ರೋಗದ ಚಿಕ್ಕ ಚಿಕ್ಕ ತಾಣಗಳನ್ನೂ ತೋರಿಸಬಲ್ಲದು. ಪ್ರಾಸ್ಟೇಟ್‌ನ ಬಯಾಪ್ಸಿಯನ್ನು ಚಿಕಿತ್ಸೆಯಾದ ಎರಡು ವರ್ಷದ ಒಳಗೆ ಮಾಡಿದರೆ ಸಾಯುತ್ತಿರುವ ಕೋಶಗಳು ಬದುಕಿರುವವುಗಳ ಹಾಗೇ ಕಂಡು ದಾರಿ ತಪ್ಪಿಸಬಹುದು. ಗ್ರಂಥಿಯ ಒಳಗೇ ಮರುಕಳಿಸಿದ್ದರೆ ಕೆಲವರಿಗೆ ಆಪರೇಷನ್, ಮತ್ತೆ ಬ್ರಾಕಿಥೆರಪಿ, ಹೆಪ್ಪುಗಟ್ಟಿಸುವ ಕ್ರಯೋಥೆರಪಿ ಇಂಥ ದಾರಿಗಳಿವೆ. ಒಮ್ಮೆ ಕಿರಣ ಕಂಡ ಜಾಗವಾದ್ದರಿಂದ ಅಡ್ಡಪರಿಣಾಮ ಜಾಸ್ತಿ, ಅನುಭವ ಇರುವ ಕಡೆಯೇ ಮಾಡಿಸಬೇಕು. ಹೊರಗೆ ಹರಡಿದ್ದರೆ ಹಾರ್ಮೋನ್ ಚಿಕಿತ್ಸೆ. ತುಂಬಾ ನಿಧಾನವಾಗಿ ಏರುತ್ತಿದ್ದು ವಯಸ್ಸೂ ಆಗಿದ್ದರೆ ಸದ್ಯಕ್ಕೆ ಬರೀ ನೋಡುತ್ತಿರೋಣ ಅನ್ನುವುದೂ ಸರಿಯಾದ ತೀರ್ಮಾನವೇ ಆಗಿರಬಹುದು.

ವರ್ಷಗಳು ಕಳೆದ ಹಾಗೆ ಟೆಸ್ಟ್ ವರ್ಷಕ್ಕೊಂದು ಆಗುತ್ತದೆ, ಡಾಕ್ಟರ್ ಬದಲಾಗುತ್ತಾರೆ, ಊರೂ ಬದಲಾಗಬಹುದು. ಅಪ್ಪನ ಫೈಲ್ ತೆರೆದರೆ ಮೊದಲು ಕಾಣುವ ಹಾಗೆ ನಾವು ಒಂದೇ ಒಂದು ಹಾಳೆ ಇಟ್ಟಿದ್ದೇವೆ. ರೇಡಿಯೇಷನ್ ಯಾವ ತಿಂಗಳು ಮುಗಿಯಿತು. ಒಟ್ಟು ಕೊಟ್ಟ ವಿಕಿರಣದ ಅಳತೆ 60 ಗ್ರೇ, 20 ಸಿಟ್ಟಿಂಗ್‌ನಲ್ಲಿ. ಹಾರ್ಮೋನ್ ಕೊಟ್ಟಿಲ್ಲ. ಆಮೇಲೆ ತಾರೀಕಿನ ಜೊತೆ ಎಲ್ಲ ಪಿಎಸ್‌ಎ ಅಂಕಿಗಳು ಸಾಲಾಗಿ, ಅದರಲ್ಲಿ ತಳಮಟ್ಟ 0.5ಕ್ಕೆ ಸುತ್ತ ಒಂದು ಗೆರೆ. ಎಲ್ಲಕ್ಕಿಂತ ಕೆಳಗೆ ಕೆಂಪು ಇಂಕಿನಲ್ಲಿ ಅಪ್ಪನೇ ಬರೆದ ಸಾಲು: ಗುದನಾಳದ ಮುಂಭಾಗದ ಗೋಡೆಯಿಂದ ಬಯಾಪ್ಸಿ ಮಾಡುವ ಮೊದಲು ದಯವಿಟ್ಟು ರೇಡಿಯೇಷನ್ ಡಾಕ್ಟರ್ ಜೊತೆ ಮಾತಾಡಿ.